ಆರೋಗ್ಯ ವಿಮೆ: ಗಡಿನಾಡಿನ ಕುಟುಂಬಗಳು ಆರಿಸಿಕೊಳ್ಳುವ ಬಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿಕೊಂಡಾಗ, ಶಾಲೆಯ ಹಳೆಯ ನೆನಪುಗಳನ್ನೇ ಅವರು ನಿರೀಕ್ಷಿಸಿರಬಹುದು. ಆ ಕಾರ್ಯವನ್ನು ನನಗಿಂತ ಸಮರ್ಥರಾದ ಸಹೋದ್ಯೋಗಿಗಳು ಈ ಸಂಚಿಕೆಯಲ್ಲಿಯೇ ನಿರ್ವಹಿಸಿರುವರಾದುದರಿಂದ, ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ನಿವೃತ್ತನಾದ ಬಳಿಕ ನನ್ನಲ್ಲಿಗೆ ಬರುವ ಹಳೆ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಅರ್ಜಿ ಬರೆಯಿಸಿಕೊಳ್ಳುವುದಕ್ಕೆ, ಸರಕಾರದ ಪತ್ರಗಳನ್ನು ಓದಿಸಿಕೊಳ್ಳುವುದಕ್ಕೆ ಬರುತ್ತಿದ್ದರು. ಈಚೆಗಿನ ಹತ್ತು ವರ್ಷಗಳಿಂದ ಅವರು ತರುವ ಕಾಗದಗಳಲ್ಲಿ ಆರೋಗ್ಯ ವಿಮೆಯ ಕಾಗದಗಳೇ ಹೆಚ್ಚು. ಹಾಗೆ ಓದಿ ಹೇಳುತ್ತ, ತಿಳಿಯದ್ದನ್ನು ಬಲ್ಲವರಿಂದ ಕೇಳಿಕೊಳ್ಳುತ್ತ ನನಗೆ ಪರಿಚಿತವಾದ ಸಂಗತಿಗಳನ್ನು ನಮ್ಮ ಕಾಸರಗೋಡು ಸೀಮೆಯ ಕುಟುಂಬಗಳ ಉಪಯೋಗಕ್ಕಾಗಿ ಇಲ್ಲಿ ನಿರೂಪಿಸುತ್ತಿದ್ದೇನೆ.

ನಮ್ಮ ದೇಶದಲ್ಲಿ ಸಾಮಾನ್ಯ ವಿಮಾ ವ್ಯವಹಾರವು 1973ನೇ ಇಸವಿ ಜನವರಿ 1ರಿಂದ ರಾಷ್ಟ್ರೀಕೃತವಾಯಿತು. ಆ ನಾಲ್ಕು ಸರಕಾರಿ ಕಂಪೆನಿಗಳು 1986ರಲ್ಲಿ 'ಮೆಡಿಕ್ಲೈಮ್' ಎಂಬ ಹೆಸರಿನಿಂದ ಆಸ್ಪತ್ರೆಯ ಖರ್ಚಿನ ವಿಮೆಯನ್ನು ಆರಂಭಿಸಿದವು. ಅಂದು ಅದು ಪಟ್ಟಣದ ಅಧಿಕಾರಿಗಳ ಮತ್ತು ವ್ಯಾಪಾರಿಗಳ ವಸ್ತುವಾಗಿತ್ತೇ ಹೊರತು, ಅಡಿಕೆ ತೋಟದವನಿಗಾಗಲಿ ಪ್ರಾಥಮಿಕ ಶಾಲೆಯ ಅಧ್ಯಾಪಕನಿಗಾಗಲಿ ಅದರ ಗಾಳಿ ತಗಲಿರಲಿಲ್ಲ. 1999ರ ಕಾಯಿದೆಯಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಸ್ಥಾಪಿತವಾಗಿ, 2000ನೇ ಇಸವಿಯಿಂದ ಖಾಸಗಿ ಕಂಪೆನಿಗಳಿಗೂ ಬಾಗಿಲು ತೆರೆಯಿತು. ಇಂದು ಕುಂಬಳೆಯ ಪೇಟೆಯಲ್ಲಿ ನಿಂತರೂ ಮೂರು ನಾಲ್ಕು ಮಂದಿ ಏಜೆಂಟರು ಸಿಗುತ್ತಾರೆ. ಯೋಜನೆಗಳು ವಿಪುಲವಾಗಿವೆ. ಆದುದರಿಂದಲೇ ಆಯ್ಕೆಯು ಕಠಿಣವಾಗಿದೆ.

ಹಣ ಕೊಟ್ಟು ವಿಮೆಯನ್ನು ಖರೀದಿಸುವ ಮೊದಲು, ಹಣ ಕೊಡದೆಯೇ ನಮಗೆ ಸಲ್ಲುವ ರಕ್ಷಣೆ ಯಾವುದಿದೆ ಎಂಬುದನ್ನು ತಿಳಿದುಕೊಳ್ಳತಕ್ಕದ್ದು. 2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ವಿಮೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಯ ರಕ್ಷಣೆಯಿತ್ತು. 2018ರ ಸೆಪ್ಟೆಂಬರ್ 23ರಂದು ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಅದನ್ನು ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗೆ ಏರಿಸಿತು. ಕೇರಳದಲ್ಲಿ ಇದು 'ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ' ಎಂಬ ಹೆಸರಿನಲ್ಲಿ ನಡೆಯುತ್ತದೆ. ರೇಶನ್ ಕಾರ್ಡಿನ ಬಣ್ಣ ನೋಡಿಯೇ ತಾವು ಅರ್ಹರು ಅಥವಾ ಅನರ್ಹರು ಎಂದು ತೀರ್ಮಾನಿಸಿಕೊಂಡವರು ಹಲವರಿದ್ದಾರೆ, ಅದು ಸರಿಯಲ್ಲ. ಹೆಸರು ಪಟ್ಟಿಯಲ್ಲಿದೆಯೇ ಎಂಬುದನ್ನು ಅಕ್ಷಯ ಕೇಂದ್ರದಲ್ಲಿಯೋ, ಪಟ್ಟಿಯಲ್ಲಿರುವ ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿಯೋ ವಿಚಾರಿಸಿದರೆ ತಿಳಿಯುತ್ತದೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರವು 70 ವರ್ಷ ತುಂಬಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ಈ ಯೋಜನೆಯನ್ನು ವಿಸ್ತರಿಸಿತು. ಅದರ ಜಾರಿಯ ಸ್ಥಿತಿ ಒಂದೊಂದು ರಾಜ್ಯದಲ್ಲಿ ಒಂದೊಂದು ತೆರನಾಗಿರುವುದರಿಂದ, ಕಾರ್ಡು ಕೈಗೆ ಬಂದ ಮಾತ್ರಕ್ಕೆ ಚಿಕಿತ್ಸೆ ದೊರೆಯಿತೆಂದು ಭಾವಿಸದೆ, ನಾವು ಹೋಗಬೇಕೆಂದಿರುವ ಆಸ್ಪತ್ರೆಯಲ್ಲಿಯೇ ಮುಂಚಿತವಾಗಿ ಕೇಳಿಕೊಳ್ಳುವುದು ಉತ್ತಮ.

ಕೇರಳ ಸರಕಾರದ ನೌಕರರಿಗೂ ನಿವೃತ್ತರಿಗೂ, ನಮ್ಮಂತಹ ಐಡೆಡ್ ಶಾಲೆಗಳ ಅಧ್ಯಾಪಕರಿಗೂ 'ಮೆಡಿಸೆಪ್' ಎಂಬ ಯೋಜನೆಯು 2022ರ ಜುಲೈ 1ರಿಂದ ಜಾರಿಗೆ ಬಂದಿತು. ಆರಂಭದಲ್ಲಿ ತಿಂಗಳಿಗೆ 500 ರೂಪಾಯಿ ಕಂತು, ವರ್ಷಕ್ಕೆ 3 ಲಕ್ಷ ರೂಪಾಯಿಯ ರಕ್ಷಣೆ ಎಂದಿತ್ತು. ಇವೆರಡನ್ನೂ ಹೆಚ್ಚಿಸುವ ತೀರ್ಮಾನವು 2025ರಲ್ಲಿ ಆಯಿತು. ಇದನ್ನು ನಂಬಿ ಕೆಲವು ನಿವೃತ್ತ ಅಧ್ಯಾಪಕರು ಇಡೀ ಮನೆಗೇ ವಿಮೆಯಾಯಿತೆಂದು ನೆಮ್ಮದಿಯಿಂದಿದ್ದಾರೆ. ದುಡಿಯುತ್ತಿರುವ ಮಗ, ಸೊಸೆ, ಮೊಮ್ಮಕ್ಕಳು ಇದರೊಳಗೆ ಬರುವುದಿಲ್ಲವೆಂಬುದನ್ನು ಅವರು ಗಮನಿಸಬೇಕು. ಕಾರ್ಖಾನೆ, ಅಂಗಡಿಗಳಲ್ಲಿ ತಿಂಗಳಿಗೆ 21,000 ರೂಪಾಯಿಯೊಳಗಿನ ವೇತನವಿರುವವರಿಗೆ ಇ.ಎಸ್.ಐ. ಇದೆ. ಮಾಜಿ ಸೈನಿಕರಿಗೆ ಅವರದೇ ವ್ಯವಸ್ಥೆಯಿದೆ. ಪುತ್ತೂರು, ಸುಳ್ಯ ಕಡೆಯ ನಮ್ಮ ಬಂಧುಗಳು ಸಹಕಾರಿ ಸಂಘದ ಮೂಲಕ ಯಶಸ್ವಿನಿ ಕಾರ್ಡು ಮಾಡಿಸಿಕೊಂಡಿರುವುದನ್ನು ಕಂಡು ನಮಗೂ ಬರುವುದೇ ಎಂದು ಕೇಳುವವರುಂಟು. ಅದು ಕರ್ನಾಟಕದ ಸಹಕಾರಿಗಳಿಗೆ ಕರ್ನಾಟಕ ಸರಕಾರವು ಮಾಡಿದ ಯೋಜನೆ. 1956ರ ನವೆಂಬರ್ 1ರ ಬಳಿಕ ನಮ್ಮ ಊರು ಕೇರಳದಲ್ಲಿದೆ. ಭಾಷೆ ಆಚೆಯದಾದರೂ ರೇಶನ್ ಕಾರ್ಡು ಈಚೆಯದು.

ಇಲ್ಲಿಯೇ ನಮ್ಮ ಸೀಮೆಯ ಮುಖ್ಯ ತೊಡಕು ಎದುರಾಗುತ್ತದೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೂ, ದೊಡ್ಡ ಕಾಯಿಲೆ ಎಂದೊಡನೆ ನಮ್ಮವರು ಮುಖ ಮಾಡುವುದು ಮಂಗಳೂರಿನ ಕಡೆಗೆ. ಹತ್ತಿರವೆಂಬುದು ಒಂದು ಕಾರಣ. ವೈದ್ಯರೊಡನೆ ನಮ್ಮ ಭಾಷೆಯಲ್ಲಿ ಮಾತನಾಡಬಹುದೆಂಬುದು ಇನ್ನೊಂದು. ಖಾಸಗಿ ವಿಮೆಯು ಸಾಮಾನ್ಯವಾಗಿ ಭಾರತದೊಳಗೆ ಎಲ್ಲಿಯೂ ಸಲ್ಲುತ್ತದೆ. ಆದರೆ ಹಣ ಕಟ್ಟದೆ ಚಿಕಿತ್ಸೆ ಪಡೆಯುವ ಸೌಕರ್ಯ, ಅಂದರೆ 'ಕ್ಯಾಶ್‌ಲೆಸ್', ಕಂಪೆನಿಯ ಒಪ್ಪಂದವಿರುವ ಆಸ್ಪತ್ರೆಗಳಲ್ಲಿ ಮಾತ್ರ ಸುಗಮವಾಗಿ ನಡೆಯುತ್ತದೆ. ಬೇರೆ ಆಸ್ಪತ್ರೆಯಾದರೆ ಮೊದಲು ನಾವೇ ಹಣ ಕಟ್ಟಿ, ಬಿಲ್ಲುಗಳನ್ನು ಕಳುಹಿಸಿ, ಅನಂತರ ಪಡೆಯಬೇಕಾಗುತ್ತದೆ. 2024ರ ಜನವರಿಯಲ್ಲಿ ವಿಮಾ ಕಂಪೆನಿಗಳ ಮಂಡಳಿಯು ಒಪ್ಪಂದವಿಲ್ಲದ ಆಸ್ಪತ್ರೆಗಳಲ್ಲಿಯೂ ಕ್ಯಾಶ್‌ಲೆಸ್ ದೊರಕಿಸುವ ಏರ್ಪಾಟನ್ನು ಪ್ರಕಟಿಸಿತು. ಮುಂದಾಗಿ ಗೊತ್ತಿರುವ ಚಿಕಿತ್ಸೆಗೆ 48 ಗಂಟೆ ಮೊದಲೇ ತಿಳಿಸಬೇಕೆಂಬುದು ಅದರ ನಿಯಮ. ಒಳ್ಳೆಯದೇ. ಆದರೂ ಆಸ್ಪತ್ರೆಯೂ ಕಂಪೆನಿಯೂ ಒಪ್ಪಿದರೆ ಮಾತ್ರ ಅದು ನಡೆಯುವುದರಿಂದ, ಅದನ್ನೇ ನೆಚ್ಚಿಕೊಂಡು ವಿಮೆಯನ್ನು ಆರಿಸಬಾರದು.

ಆದಕಾರಣ ವಿಮೆಯನ್ನು ಆರಿಸುವಾಗ ಮೊದಲನೆಯ ಪ್ರಶ್ನೆ ಕಂತು ಎಷ್ಟೆಂಬುದಲ್ಲ. ಮಂಗಳೂರಿನಲ್ಲಿ ನಮ್ಮ ಕುಟುಂಬವು ರೂಢಿಯಾಗಿ ಹೋಗುವ ಎರಡು ಆಸ್ಪತ್ರೆಗಳೂ, ಕಾಸರಗೋಡು ಅಥವಾ ಕಾಞಂಗಾಡಿನ ಒಂದು ಆಸ್ಪತ್ರೆಯೂ ಕಂಪೆನಿಯ ಪಟ್ಟಿಯಲ್ಲಿವೆಯೇ ಎಂಬುದು. ಎರಡೂ ಕಡೆಯದು ಏಕೆಂದು ಕೇಳಿದರೆ, 2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿರಿ. ಕೋವಿಡ್ ಸಮಯದಲ್ಲಿ ತಲಪಾಡಿಯ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಮಂಗಳೂರಿನ ಆಸ್ಪತ್ರೆಗೆ ಹೊರಟ ಅಂಬುಲೆನ್ಸುಗಳು ಹಿಂದಿರುಗಿದುವು. ದಾರಿಯಲ್ಲಿಯೇ ಪ್ರಾಣ ಬಿಟ್ಟವರಿದ್ದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಬೇಕೆಂದು ಆದೇಶಿಸಿತು. ವಿಷಯವು ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕಡೆಗೆ ರೋಗಿಗಳ ಪ್ರಯಾಣಕ್ಕೆ ಒಂದು ಕ್ರಮವು ಗೊತ್ತಾಯಿತು. ಅಂತಹ ದಿನಗಳು ಮರಳಿ ಬಾರದಿರಲಿ. ಆದರೆ ಗಡಿಯ ಈಚೆಗೆ ಒಂದು ಆಸ್ಪತ್ರೆಯೂ ಪಟ್ಟಿಯಲ್ಲಿ ಇಲ್ಲದ ವಿಮೆಯನ್ನು ನಮ್ಮವರು ತೆಗೆದುಕೊಳ್ಳಬಾರದೆಂಬುದು ನನ್ನ ನಿಶ್ಚಿತ ಅಭಿಪ್ರಾಯ.

ಸರಕಾರದ ಯೋಜನೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಸ್ಪತ್ರೆಯು ಪಟ್ಟಿಯಲ್ಲಿದ್ದರೂ ಎಲ್ಲ ವಿಭಾಗಗಳೂ ಸೇರಿರಬೇಕೆಂದಿಲ್ಲ. ಕಣ್ಣಿನ ವಿಭಾಗವು ಸೇರಿದ್ದು ಹೃದಯದ ವಿಭಾಗವು ಸೇರದಿರಬಹುದು. ಆಸ್ಪತ್ರೆಯ ಹೆಸರನ್ನು ಕೇಳಿದರೆ ಸಾಲದು, ಯಾವ ಚಿಕಿತ್ಸೆಗೆ ಎಂದು ಕೇಳಬೇಕು. ಖಾಸಗಿ ಕಂಪೆನಿಗಳಲ್ಲಿ ಕೆಲವು ದೇಶವನ್ನು ವಲಯಗಳಾಗಿ ವಿಂಗಡಿಸಿ, ಸಣ್ಣ ಊರಿನವರಿಗೆ ಕಡಿಮೆ ಕಂತು ನಿಗದಿಪಡಿಸಿ, ಅವರು ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದಾಗ ಬಿಲ್ಲಿನ ಒಂದು ಭಾಗವನ್ನು ಅವರ ಮೇಲೆಯೇ ಹೊರಿಸುತ್ತವೆ. ಬೆಂಗಳೂರಿನಲ್ಲಿ ಮಗನಿದ್ದಾನೆ, ಶಸ್ತ್ರಚಿಕಿತ್ಸೆಯಾದರೆ ಅಲ್ಲಿಯೇ ಎಂದು ಎಣಿಸಿರುವ ತಂದೆತಾಯಿಗಳು ಈ ಕರಾರನ್ನು ತಪ್ಪದೆ ನೋಡಬೇಕು. ಹಾಗೆಯೇ ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮ ಹಳೆ ವಿದ್ಯಾರ್ಥಿಗಳಿಗೆ ಒಂದು ಮಾತು: ನಿಮ್ಮ ಕಂಪೆನಿಯು ಅಲ್ಲಿ ಕೊಟ್ಟಿರುವ ವಿಮೆಯನ್ನು ನಂಬಿ ಊರಿನಲ್ಲಿರುವ ಪತ್ನಿಯನ್ನೂ ತಂದೆತಾಯಿಗಳನ್ನೂ ವಿಮೆಯಿಲ್ಲದೆ ಬಿಡಬೇಡಿರಿ. ಅದು ಹೆಚ್ಚಾಗಿ ಅಲ್ಲಿಗೇ ಸೀಮಿತ. ಕೆಲಸ ಬಿಟ್ಟು ಊರಿಗೆ ಮರಳಿದ ದಿನ ನಿಮಗೂ ಇಲ್ಲ. ಐವತ್ತೈದು ವರ್ಷಕ್ಕೆ ಊರಿಗೆ ಬಂದು ಹೊಸತಾಗಿ ವಿಮೆ ಕೇಳುವುದಕ್ಕಿಂತ, ಮೂವತ್ತೈದರಲ್ಲಿ ಸಣ್ಣದೊಂದನ್ನು ಇಲ್ಲಿ ಆರಂಭಿಸಿಡುವುದು ಮೇಲು. ಏಕೆಂಬುದನ್ನು ಮುಂದೆ ಹೇಳುವೆನು.

ವಿಮೆಯ ಕರಾರಿನಲ್ಲಿ 'ಕಾಯುವ ಅವಧಿ' ಎಂಬುದೊಂದಿದೆ. ಹೊಸ ವಿಮೆಯಾದರೆ ಮೊದಲ 30 ದಿನ ಅಪಘಾತವನ್ನುಳಿದು ಬೇರೆ ಯಾವುದಕ್ಕೂ ಹಣ ದೊರೆಯದು. ಕಣ್ಣಿನ ಪೊರೆ, ಹರ್ನಿಯ, ಮೂಲವ್ಯಾಧಿ, ಪಿತ್ತಕೋಶದ ಕಲ್ಲು, ಗರ್ಭಕೋಶ ತೆಗೆಯುವುದು ಮುಂತಾದ ಕೆಲವಕ್ಕೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಮಂಡಿಯ ಕೀಲು ಬದಲಿಸುವುದಕ್ಕೆ ಇನ್ನೂ ಹೆಚ್ಚು ಕಾಲವಿರಬಹುದು. ವಿಮೆ ಮಾಡಿಸುವ ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸ, ಹೃದ್ರೋಗ ಇವುಗಳಿಂದ ಬರುವ ಚಿಕಿತ್ಸೆಗೆ ಮೊದಲು ನಾಲ್ಕು ವರ್ಷದವರೆಗೂ ಕಾಯಿಸುತ್ತಿದ್ದರು. 2024ರ ನಿಯಮಗಳಂತೆ ಅದು ಹೆಚ್ಚೆಂದರೆ 36 ತಿಂಗಳು. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಕಾಯಿಲೆ ಬಂದ ಮೇಲೆ ವಿಮೆ ಮಾಡಿಸುವುದು ಮಳೆ ಹಿಡಿದ ಮೇಲೆ ಹಂಚು ಮಗುಚಲು ಏರಿದಂತೆ. ಮತ್ತು ಮಾಡಿಸಿದ ವಿಮೆಯನ್ನು ಒಂದು ವರ್ಷವೂ ತುಂಡಾಗದಂತೆ ನವೀಕರಿಸುತ್ತಿರಬೇಕು. ಅಡಿಕೆಗೆ ಧಾರಣೆ ಇಲ್ಲದ ವರ್ಷ ಬಿಟ್ಟು, ಧಾರಣೆ ಬಂದ ವರ್ಷ ಮತ್ತೆ ಕಟ್ಟಿದರೆ ಕಾದ ವರ್ಷಗಳೆಲ್ಲ ನೀರಿನಲ್ಲಿ ಹೋದವು. ವರ್ಷದ ಕಂತಿಗೆ ಕೊನೆಯ ದಿನ ಕಳೆದ ಮೇಲೂ 30 ದಿನಗಳ ಅವಕಾಶವಿದೆ. ಆ ಅವಕಾಶದಲ್ಲಿ ಕಾದ ವರ್ಷಗಳ ಲೆಕ್ಕ ಉಳಿಯುತ್ತದೆಯೇ ಹೊರತು, ಆ ನಡುವಿನ ದಿನಗಳಲ್ಲಿ ಬಂದ ಕಾಯಿಲೆಯ ಖರ್ಚು ದೊರೆಯುವುದೆಂದು ಎಣಿಸಬಾರದು. ಕಂಪೆನಿಯು ಹಿಡಿಸದಿದ್ದರೆ ಬಿಟ್ಟುಬಿಡಬೇಕಾಗಿಲ್ಲ. ಕಾದ ವರ್ಷಗಳನ್ನು ಕಳೆದುಕೊಳ್ಳದೆ ಇನ್ನೊಂದು ಕಂಪೆನಿಗೆ ವರ್ಗಾಯಿಸಿಕೊಳ್ಳಬಹುದು. ನವೀಕರಣದ ದಿನಕ್ಕಿಂತ ಒಂದೂವರೆ ಎರಡು ತಿಂಗಳು ಮೊದಲೇ ಅರ್ಜಿ ಸಲ್ಲಿಸತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದುದು ಪ್ರಸ್ತಾವನಾ ಪತ್ರ, ಅಂದರೆ ವಿಮೆಗೆ ನಾವು ಸಹಿ ಮಾಡಿ ಕೊಡುವ ಅರ್ಜಿ. ವಿಮೆಯು ಪೂರ್ಣ ವಿಶ್ವಾಸದ ಮೇಲೆ ನಿಂತ ಕರಾರೆಂದು ಕಾನೂನು ಭಾವಿಸುತ್ತದೆ. ಕೇಳಿದ ಪ್ರಶ್ನೆಗೆ ಸತ್ಯವಾದ ಉತ್ತರವನ್ನು ಕೊಡದಿದ್ದರೆ ಕಂಪೆನಿಯು ಹಣ ಕೊಡಲು ನಿರಾಕರಿಸಬಹುದು, ಕರಾರನ್ನೇ ರದ್ದುಪಡಿಸಲೂಬಹುದು.

ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬನ ತಂದೆ, ಬದಿಯಡ್ಕ ಕಡೆಯ ಕೃಷಿಕರು, ಕೆಲವು ವರ್ಷಗಳ ಹಿಂದೆ ಒಂದು ಕಾಗದವನ್ನು ಹಿಡಿದುಕೊಂಡು ಬಂದರು. "ಮಾಸ್ತರೇ, ಇದರಲ್ಲಿ ಏನು ಬರೆದಿದ್ದಾರೆಂದು ಸ್ವಲ್ಪ ಓದಿ ಹೇಳಿ" ಎಂದರು. ಹೃದಯದ ಚಿಕಿತ್ಸೆಯ ಹಣವನ್ನು ಕಂಪೆನಿಯು ನಿರಾಕರಿಸಿದ ಪತ್ರ ಅದು. ಅವರಿಗೆ ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯಿದೆಯೇ ಎಂಬ ಪ್ರಶ್ನೆಯ ಎದುರಿಗೆ 'ಇಲ್ಲ' ಎಂದಿತ್ತು. "ನಾನು ಆ ಏಜೆಂಟನಿಗೆ ಹೇಳಿದ್ದೆ ಮಾಸ್ತರೇ. ಅದೆಲ್ಲ ಬರೆದರೆ ಕಂತು ಜಾಸ್ತಿಯಾಗುತ್ತದೆ, ನೀವು ಸಹಿ ಮಾಡಿ ಸಾಕು ಎಂದ" ಎಂದು ಅವರು ಹೇಳಿದರು. ಅರ್ಜಿಯ ಪ್ರತಿಯನ್ನು ತರಿಸಿ ನೋಡಿದೆವು. ಆರು ಪುಟಗಳೂ ಇಂಗ್ಲಿಷಿನಲ್ಲಿದ್ದವು. ಕಟ್ಟಕಡೆಗೆ, ಮೇಲಿನದನ್ನೆಲ್ಲ ನನ್ನ ಭಾಷೆಯಲ್ಲಿ ನನಗೆ ಓದಿ ವಿವರಿಸಲಾಗಿದೆ, ನಾನು ಅರ್ಥಮಾಡಿಕೊಂಡಿದ್ದೇನೆ ಎಂಬ ಇಂಗ್ಲಿಷ್ ವಾಕ್ಯದ ಕೆಳಗೆ, ದುಂಡಗಿನ ಕನ್ನಡ ಅಕ್ಷರಗಳಲ್ಲಿ ಅವರ ಸಹಿಯಿತ್ತು. ಆ ಹಣಕ್ಕಾಗಿ ಅವರು ತೋಟದ ಒಂದು ತುಂಡನ್ನು ಕೊಡಬೇಕಾಯಿತು.

ನಮ್ಮ ಜಿಲ್ಲೆಯಲ್ಲಿ ಸರಕಾರದ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನು 1969ರ ಕೇರಳ ಆಡಳಿತ ಭಾಷಾ ಕಾಯಿದೆಯು ಕೊಟ್ಟಿದೆ. ವಿಮಾ ಕಂಪೆನಿಯು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ವಿಮಾ ಪ್ರಾಧಿಕಾರವು ಮಾಡಿರುವ ಒಂದು ನಿಯಮವು ನಮಗೆ ಬಹಳ ಉಪಯುಕ್ತವಾದುದು. ಪ್ರತಿಯೊಂದು ಪಾಲಿಸಿಯೊಡನೆ 'ಗ್ರಾಹಕ ಮಾಹಿತಿ ಪತ್ರ' ಎಂಬ ಕೆಲವೇ ಪುಟಗಳ ಸಾರಾಂಶವನ್ನು ಕಂಪೆನಿಯು ಕೊಡಬೇಕು. 2024ರ ಜನವರಿ 1ರಿಂದ ಜಾರಿಗೆ ಬಂದ ಹೊಸ ನಮೂನೆಯ ನಿಯಮದಲ್ಲಿ, ವಿಮೆದಾರನು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸತಕ್ಕದ್ದೆಂದಿದೆ. ವಿಮಾ ಮೊತ್ತ, ಯಾವುದಕ್ಕೆ ಹಣವಿಲ್ಲ, ಕಾಯುವ ಅವಧಿ, ಮಿತಿಗಳು, ದೂರು ಕೊಡುವ ವಿಧಾನ ಎಲ್ಲವೂ ಅದರಲ್ಲಿ ಇರುತ್ತವೆ. ನಮ್ಮಲ್ಲಿ ಸ್ಥಳೀಯ ಭಾಷೆ ಎಂದೊಡನೆ ಮಲಯಾಳದ ಪ್ರತಿಯನ್ನು ಕೊಡುವ ಸಂಭವವುಂಟು. ಮಲಯಾಳ ಓದಬಲ್ಲವರು ಅದನ್ನೇ ಓದಲಿ, ಬೇಡವೆನ್ನುವುದಿಲ್ಲ. ಓದಲಾರದವರು ಕನ್ನಡದ ಪ್ರತಿಯನ್ನು ಲಿಖಿತವಾಗಿ ಕೇಳಬೇಕು. ಕರ್ನಾಟಕದಲ್ಲಿ ವ್ಯವಹರಿಸುವ ಕಂಪೆನಿಗೆ ಕನ್ನಡದ ಪ್ರತಿಯನ್ನು ಒದಗಿಸುವುದು ಅಸಾಧ್ಯವಾದ ಕಾರ್ಯವೇನಲ್ಲ.

ಹಳೆ ವಿದ್ಯಾರ್ಥಿಗಳಲ್ಲಿ ನನ್ನ ಒಂದು ವಿನಂತಿ ಇದೆ. ನೀವು ಬೆಂಗಳೂರಿನಿಂದಲೋ ದುಬಾಯಿಯಿಂದಲೋ ಊರಿಗೆ ಬಂದಾಗ, ತಂದೆತಾಯಿಗಳ ವಿಮೆಯ ಅರ್ಜಿಯನ್ನು ಏಜೆಂಟನಿಗೆ ಒಪ್ಪಿಸದೆ, ಒಂದು ಸಂಜೆ ಅವರೊಡನೆ ಕುಳಿತು ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಕೇಳಿ ಬರೆಯಿರಿ. ದಿನವೂ ನುಂಗುವ ಮಾತ್ರೆಗಳ ಚೀಟಿಯನ್ನು ಎದುರಿಗಿಟ್ಟುಕೊಳ್ಳಿರಿ. ಹತ್ತು ವರ್ಷಗಳ ಹಿಂದಿನ ಆಪರೇಶನ್ನನ್ನು ಅಮ್ಮಂದಿರು ಮರೆತಿರುತ್ತಾರೆ, ಇಲ್ಲವೆ ಹೇಳಲು ಸಂಕೋಚಪಡುತ್ತಾರೆ. ಕಾಯಿಲೆಯನ್ನು ಬರೆದರೆ ಕಂತು ಸ್ವಲ್ಪ ಹೆಚ್ಚಬಹುದು, ಅಥವಾ ಮೂರು ವರ್ಷ ಕಾಯಬೇಕಾಗಬಹುದು. ಬರೆಯದಿದ್ದರೆ ಕಟ್ಟಿದ ಕಂತೆಲ್ಲವೂ ವ್ಯರ್ಥವಾಗಬಹುದು. ಪಾಲಿಸಿಯು ಕೈಗೆ ಬಂದ ಬಳಿಕ ಓದಿ ನೋಡಲು 30 ದಿನಗಳ ಕಾಲಾವಕಾಶವಿದೆ, ಹಿಡಿಸದಿದ್ದರೆ ಹಿಂದಿರುಗಿಸಬಹುದು. ಅರ್ಜಿಯಲ್ಲಿ ತಪ್ಪು ಬರೆದಿದ್ದರೆ ತಿದ್ದಿಸಲು ಇದೇ ಸಮಯ. ವಿಮೆಯು ಎಡೆಬಿಡದೆ 60 ತಿಂಗಳು ನಡೆದುಬಂದ ಮೇಲೆ, ಮೋಸವನ್ನು ಸಾಬೀತುಪಡಿಸಿದ ಹೊರತು, ಅರ್ಜಿಯಲ್ಲಿ ಹೇಳದುದರ ಕಾರಣದಿಂದ ಹಣ ನಿರಾಕರಿಸುವಂತಿಲ್ಲವೆಂದು 2024ರಿಂದ ನಿಯಮವಿದೆ. ಅದಕ್ಕೆ ಮೊದಲು ಎಂಟು ವರ್ಷಗಳೆಂದಿತ್ತು.

ಇನ್ನು ಹಣದ ಲೆಕ್ಕ. ಹೆಚ್ಚಿನವರು ವಿಮಾ ಮೊತ್ತವನ್ನು ಮಾತ್ರ ನೋಡುತ್ತಾರೆ. 3 ಲಕ್ಷದ ವಿಮೆಯಿದೆ, ಬಿಲ್ಲು 1 ಲಕ್ಷ 60 ಸಾವಿರ, ಪೂರ್ತಿ ದೊರೆಯುವುದೆಂದು ಭಾವಿಸುತ್ತಾರೆ. ಕೋಣೆಯ ಬಾಡಿಗೆಯ ಮಿತಿ ಎಂಬ ಷರತ್ತು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾವು ಶಾಲೆಯಲ್ಲಿ ಕಲಿತ ತ್ರೈರಾಶಿಯಿಂದಲೇ ತಿಳಿಯಬಹುದು. ದಿನಕ್ಕೆ ವಿಮಾ ಮೊತ್ತದ ಶೇಕಡಾ 1ರಷ್ಟು ಬಾಡಿಗೆ ಎಂಬ ಷರತ್ತಿದ್ದರೆ, 3 ಲಕ್ಷಕ್ಕೆ 3,000 ರೂಪಾಯಿ. ರೋಗಿಯು 6,000 ರೂಪಾಯಿಯ ಕೋಣೆಯಲ್ಲಿ 5 ದಿನ ಇದ್ದನೆನ್ನೋಣ. ಬಾಡಿಗೆ 30,000, ವೈದ್ಯರ, ಶಸ್ತ್ರಚಿಕಿತ್ಸೆಯ, ಶುಶ್ರೂಷೆಯ ಶುಲ್ಕ 80,000, ಔಷಧ, ಪರೀಕ್ಷೆ ಮುಂತಾದುವು 50,000. ಕೋಣೆಯ ದರ್ಜೆಯು ಮಿತಿಯ ಇಮ್ಮಡಿಯಾದುದರಿಂದ, ಬಾಡಿಗೆಯಲ್ಲಿ ಮಾತ್ರವಲ್ಲದೆ ವೈದ್ಯರ ಶುಲ್ಕದಲ್ಲಿಯೂ ಅರ್ಧವನ್ನೇ ಕಂಪೆನಿಯು ಕೊಡುತ್ತದೆ. ಔಷಧ ಮತ್ತು ಪರೀಕ್ಷೆಗಳಿಗೆ ಈ ಕಡಿತವನ್ನು ಅನ್ವಯಿಸಬಾರದೆಂದು ನಿಯಮವಿರುವುದರಿಂದ ಅವು ಪೂರ್ತಿ. ಅಂದರೆ 15,000, 40,000, 50,000 ಸೇರಿ 1,05,000 ರೂಪಾಯಿ. ಉಳಿದ 55,000 ರೋಗಿಯ ಕೈಯಿಂದ. ಇದರ ಮೇಲೆ ಶೇಕಡಾ 20ರ 'ಸಹಪಾವತಿ', ಅಂದರೆ ಕೋ-ಪೇ ಇದ್ದರೆ ಮತ್ತೆ 21,000 ಕಡಿತವಾಗಿ, ದೊರೆಯುವುದು 84,000. ನೋಡಲು ಬಂದವರಿಗೆ ಕುಳಿತುಕೊಳ್ಳಲು ಸ್ಥಳ ಬೇಕೆಂದು ಹಿಡಿದ ದೊಡ್ಡ ಕೋಣೆಯ ಬೆಲೆ ಇಷ್ಟಾಯಿತು! ಕೋಣೆಯ ಮಿತಿಯೂ ಸಹಪಾವತಿಯೂ ಇಲ್ಲದ ಪಾಲಿಸಿಗೆ ಕಂತು ಸ್ವಲ್ಪ ಹೆಚ್ಚಾದರೂ ಅದನ್ನೇ ಆರಿಸುವುದು ಮೇಲು. ಅದು ಕೈಗೆಟುಕದಿದ್ದರೆ, ಮಿತಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಆಸ್ಪತ್ರೆಗೆ ಸೇರುವಾಗಲೇ ಅದಕ್ಕೆ ಒಳಪಟ್ಟ ಕೋಣೆಯನ್ನು ಕೇಳಬೇಕು.

ಹೋಲಿಸಿ ನೋಡಲು ಒಂದು ಅಳತೆಗೋಲು ಬೇಕೆನ್ನುವವರು 'ಆರೋಗ್ಯ ಸಂಜೀವಿನಿ'ಯ ಷರತ್ತುಗಳನ್ನು ಓದಬಹುದು. ಪ್ರಾಧಿಕಾರವು ಗೊತ್ತುಪಡಿಸಿ, 2020ರ ಏಪ್ರಿಲ್‌ನಿಂದ ಕಂಪೆನಿಗಳೆಲ್ಲವೂ ಒಂದೇ ಷರತ್ತಿನಲ್ಲಿ ಕೊಡಬೇಕಾದ ಪಾಲಿಸಿಯಾಗಿ ಅದು ಬಂದಿತು. ಕೋಣೆಗೆ ವಿಮಾ ಮೊತ್ತದ ಶೇಕಡಾ 2, ಆದರೆ ದಿನಕ್ಕೆ 5,000 ರೂಪಾಯಿ ಮೀರದಂತೆ. ತೀವ್ರ ನಿಗಾ ಘಟಕಕ್ಕೆ ಶೇಕಡಾ 5, 10,000 ಮೀರದಂತೆ. ಪ್ರತಿ ಬಿಲ್ಲಿನಲ್ಲಿ ಶೇಕಡಾ 5 ನಮ್ಮದು. ಸೇರುವುದಕ್ಕೆ ಮೊದಲಿನ 30 ದಿನಗಳ, ಬಿಡುಗಡೆಯ ನಂತರದ 60 ದಿನಗಳ ಔಷಧ ಮತ್ತು ಪರೀಕ್ಷೆಯ ಖರ್ಚೂ ಸೇರುತ್ತದೆ. ಅತ್ಯುತ್ತಮವೆಂದು ನಾನು ಹೇಳಲಾರೆ. ಇದಕ್ಕಿಂತ ಕೆಳಗಿನ ಷರತ್ತುಗಳನ್ನು ಇದಕ್ಕಿಂತ ಹೆಚ್ಚಿನ ಕಂತಿಗೆ ಮಾರುವವನಿದ್ದರೆ ಅವನನ್ನು ಕಳುಹಿಸಿಬಿಡಬಹುದು.

ಇಡೀ ಕುಟುಂಬಕ್ಕೆ ಒಂದೇ ಮೊತ್ತವಾಗಿರುವ 'ಫ್ಲೋಟರ್' ವಿಮೆಯು ಎಳೆಯ ದಂಪತಿಗಳಿಗೂ ಮಕ್ಕಳಿಗೂ ಅನುಕೂಲವಾದುದು. ಅದರೊಳಗೆ 68ರ ತಂದೆಯನ್ನೂ ಸೇರಿಸುವುದು ಜಾಣತನವಲ್ಲ. ಕಂತನ್ನು ಮನೆಯ ಹಿರಿಯ ಸದಸ್ಯನ ವಯಸ್ಸಿನ ಮೇಲೆ ಲೆಕ್ಕ ಹಾಕುತ್ತಾರೆ. ಅಲ್ಲದೆ ತಂದೆಯ ಒಂದು ಚಿಕಿತ್ಸೆಗೆ ಮೊತ್ತವೆಲ್ಲ ಮುಗಿದರೆ ಮಗುವಿಗೆ ಉಳಿಯದು. ಹಿರಿಯರಿಗೆ ಬೇರೆಯೇ ಪಾಲಿಸಿ ಇರಲಿ. ವಯಸ್ಸು ಮೀರಿತೆಂಬ ಕಾರಣದಿಂದ ಬಾಗಿಲು ಮುಚ್ಚುತ್ತಿದ್ದ 65ರ ಗಡಿಯನ್ನು 2024ರಲ್ಲಿ ತೆಗೆದುಹಾಕಲಾಯಿತು. 60 ದಾಟಿದವರ ಕಂತನ್ನು ಪ್ರಾಧಿಕಾರವನ್ನು ಕೇಳದೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚಿಸಬಾರದೆಂದು 2025ರ ಜನವರಿಯಲ್ಲಿ ಆದೇಶವಾಯಿತು. 2025ರ ಸೆಪ್ಟೆಂಬರ್ 22ರಿಂದ ಕುಟುಂಬಗಳು ಸ್ವಂತವಾಗಿ ಮಾಡಿಸುವ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ.ಯೂ ಹೋಯಿತು. ಆದಾಯ ತೆರಿಗೆಯ ರಿಯಾಯಿತಿಯು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ; ಅದಕ್ಕಾಗಿಯೇ ವಿಮೆ ಮಾಡಿಸುವವರಿಗೆ ಈ ಲೇಖನದಿಂದ ಪ್ರಯೋಜನವಿಲ್ಲ.

ದೊಡ್ಡ ಮೊತ್ತದ ರಕ್ಷಣೆಯನ್ನು ಸಣ್ಣ ಕಂತಿನಲ್ಲಿ ಪಡೆಯಲು 'ಸೂಪರ್ ಟಾಪ್-ಅಪ್' ಎಂಬ ಉಪಾಯವಿದೆ. ನಿಶ್ಚಿತ ಮೊತ್ತವೊಂದನ್ನು ಮೀರಿದ ಖರ್ಚನ್ನು ಮಾತ್ರ ಅದು ಕೊಡುತ್ತದೆ. ಬರಿಯ 'ಟಾಪ್-ಅಪ್' ಬೇರೆ, 'ಸೂಪರ್ ಟಾಪ್-ಅಪ್' ಬೇರೆ. ಮಿತಿಯು 5 ಲಕ್ಷವೆನ್ನೋಣ. ಒಂದೇ ವರ್ಷದಲ್ಲಿ 4 ಲಕ್ಷದ ಚಿಕಿತ್ಸೆಯು ಎರಡು ಬಾರಿ ಬಂದರೆ, ಟಾಪ್-ಅಪ್ ಏನನ್ನೂ ಕೊಡದು. ಏಕೆಂದರೆ ಯಾವ ಒಂದು ಬಿಲ್ಲೂ 5 ಲಕ್ಷವನ್ನು ಮೀರಲಿಲ್ಲ. ಸೂಪರ್ ಟಾಪ್-ಅಪ್ ಎರಡನ್ನೂ ಕೂಡಿಸಿ 8 ಲಕ್ಷವೆಂದು ಎಣಿಸಿ, ಮೇಲಿನ 3 ಲಕ್ಷವನ್ನು ಕೊಡುತ್ತದೆ. ಹೆಸರಿನಲ್ಲಿ ಒಂದು ಪದದ ವ್ಯತ್ಯಾಸ, ಹಣದಲ್ಲಿ 3 ಲಕ್ಷದ ವ್ಯತ್ಯಾಸ. 5 ಲಕ್ಷದ ಮೂಲ ಪಾಲಿಸಿಯೊಂದು, ಅದರ ಮೇಲೆ 10 ಲಕ್ಷದ ಸೂಪರ್ ಟಾಪ್-ಅಪ್ ಒಂದು ಎಂಬ ಜೋಡಿಯು ನಮ್ಮ ನಡುತರಗತಿಯ ಕುಟುಂಬಗಳಿಗೆ ಹೊಂದುವುದೆಂದು ನನ್ನ ಎಣಿಕೆ. ಮೆಡಿಸೆಪ್ ಇರುವವರು ಸಹ, ಮಿತಿಯವರೆಗಿನ ಹಣವು ಬೇರೆ ಯೋಜನೆಯಿಂದ ಬಂದರೂ ಒಪ್ಪಿಗೆಯೇ ಎಂದು ಕೇಳಿಕೊಂಡು, ಇದನ್ನು ಸೇರಿಸಿಕೊಳ್ಳಬಹುದು.

ಬ್ಯಾಂಕಿನವರು ಖಾತೆದಾರರಿಗೆ ಕೊಡುವ ಗುಂಪು ವಿಮೆಯ ಕಂತು ಕಡಿಮೆ. ಆದರೆ ಬ್ಯಾಂಕು ಮತ್ತು ಕಂಪೆನಿಯ ಒಪ್ಪಂದವು ಮುಗಿದರೆ ನಮ್ಮ ಗತಿಯೇನೆಂದು ಕೇಳಿಯೇ ಸೇರಬೇಕು. ಅಡಿಕೆ, ತೆಂಗಿನ ಮರ ಏರುವವರಿಗೆ ಆರೋಗ್ಯ ವಿಮೆಗಿಂತ ಮೊದಲು ಅಪಘಾತ ವಿಮೆ ಬೇಕು. ಮರದಿಂದ ಬಿದ್ದು ಸೊಂಟ ಮುರಿದವನಿಗೆ ಆಸ್ಪತ್ರೆಯ ಬಿಲ್ಲಿಗಿಂತ ಮುಂದಿನ ಆರು ತಿಂಗಳ ಅಕ್ಕಿಯ ಚಿಂತೆಯೇ ಹೆಚ್ಚು. ಆಯುರ್ವೇದಕ್ಕೂ ಇತರ ಚಿಕಿತ್ಸೆಗೆ ಸಮನಾಗಿ ವಿಮೆ ಒದಗಿಸಬೇಕೆಂದು 2024ರ ಏಪ್ರಿಲ್‌ನಿಂದ ನಿಯಮವಿದೆ. ಮಾನ್ಯತೆಯಿರುವ ಆಸ್ಪತ್ರೆಗೆ ಸೇರಿ ಕಾಯಿಲೆಗೆ ಪಡೆದ ಚಿಕಿತ್ಸೆಗೆ ಇದು ಸಲ್ಲುತ್ತದೆ. ಆಟಿ ತಿಂಗಳಲ್ಲಿ ದೇಹಪುಷ್ಟಿಗೆಂದು ಎಣ್ಣೆ ತಿಕ್ಕಿಸಿಕೊಳ್ಳುವುದಕ್ಕಲ್ಲ.

ಆಸ್ಪತ್ರೆಗೆ ಸೇರಬೇಕಾಗಿ ಬಂದರೆ, ತುರ್ತು ಸಂದರ್ಭದಲ್ಲಿ 24 ಗಂಟೆಗಳೊಳಗೆ, ಮುಂದಾಗಿ ಗೊತ್ತಿದ್ದರೆ 48 ಗಂಟೆ ಮೊದಲು ಕಂಪೆನಿಗೆ ತಿಳಿಸುವುದು ವಾಡಿಕೆಯ ಷರತ್ತು. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಕಂಪೆನಿಯು ಉತ್ತರಿಸಬೇಕೆಂದು 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ಹಣ ನಿರಾಕರಿಸಿದರೆ ಕಾರಣವನ್ನು, ಪಾಲಿಸಿಯ ಯಾವ ಷರತ್ತಿನಂತೆ ಎಂಬ ವಿವರದೊಡನೆ, ಲಿಖಿತವಾಗಿ ಕೊಡಬೇಕು. ಮೊದಲು ಕಂಪೆನಿಯ ದೂರು ವಿಭಾಗಕ್ಕೆ ಬರೆಯಿರಿ. ಪ್ರಾಧಿಕಾರದ 155255 ಎಂಬ ದೂರವಾಣಿ ಸಂಖ್ಯೆಯಲ್ಲಿಯೂ ದೂರನ್ನು ದಾಖಲಿಸಬಹುದು. ಒಂದು ತಿಂಗಳೊಳಗೆ ಪರಿಹಾರ ದೊರೆಯದಿದ್ದರೆ, ಅಥವಾ ದೊರೆತ ಉತ್ತರವು ಸಮಾಧಾನಕರವಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಕೇರಳದಲ್ಲಿ ವಾಸಿಸುವ ನಮಗೆ ಲೋಕಪಾಲರ ಕಚೇರಿ ಕೊಚ್ಚಿಯಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ. 50 ಲಕ್ಷ ರೂಪಾಯಿಯವರೆಗಿನ ವಿವಾದಗಳನ್ನು ಅವರು ವಿಚಾರಿಸುತ್ತಾರೆ. ದೂರಿನೊಡನೆ ಪಾಲಿಸಿ, ಅರ್ಜಿಯ ಪ್ರತಿ, ಆಸ್ಪತ್ರೆಯ ಬಿಡುಗಡೆ ಪತ್ರ, ಬಿಲ್ಲುಗಳು, ಕಂಪೆನಿಯ ನಿರಾಕರಣ ಪತ್ರ ಇವಿಷ್ಟೂ ಬೇಕಾಗುವುದರಿಂದ, ಇವನ್ನೆಲ್ಲ ಒಂದೇ ಫೈಲಿನಲ್ಲಿಟ್ಟು, ಅದು ಯಾವ ಕಪಾಟಿನಲ್ಲಿದೆಯೆಂದು ಮನೆಯ ಹೆಂಗಸರಿಗೂ ಮಕ್ಕಳಿಗೂ ತಿಳಿಸಿಡಬೇಕು.